ಮಗಳ ಸೈಕಲ್, ಆಯಿಯ ಸವಾರಿ



ನಿಮ್ಮ ಮನೆಯ ಜಗಲಿ ಮೂಲೆಯಲ್ಲಿ ಒಂದು ಸೈಕಲ್ ನಿಂತಿದೆಯೇ? ಮಗಳದ್ದೋ ಮಗನದ್ದೋ ಇರಬಹುದು. ಮಕ್ಕಳು ಕಾಲೇಜಿಗೆ ಬಸ್ಸಿನಲ್ಲಿ ಹೋಗತೊಡಗಿದ ಮೇಲೆ ಅದನ್ನು ಕೇಳುವವರಿಲ್ಲ. ಅದರ ಮೇಲೆ ಒದ್ದೆ ಚೀಲ ಒಣಗುತ್ತದೆ. ರಾತ್ರಿ ಕೋಳಿ ಕೂರುತ್ತದೆ. ಹೌದಲ್ಲ?

ನಮ್ಮ ಮನೆಯಲ್ಲೂ ಒಂದು ಹಾಗೇ ನಿಂತಿತ್ತು. 2006-07ರಲ್ಲಿ ನಾನು ಎಂಟನೇ ತರಗತಿ. ಆ ವರ್ಷ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಬಡ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿತು. ಮುಂದೆ ಹುಡುಗರಿಗೂ ಕೊಟ್ಟಿತು. ನಮ್ಮದು ಹೊನ್ನಾವರ ತಾಲೂಕಿನ ಒಂದು ಹಳ್ಳಿ. ಶಾಲೆಗೆ ಹೋಗಬೇಕೆಂದರೆ ಗುಡ್ಡ ಹತ್ತಿ ಇಳಿಯಬೇಕು. ಒಂದು ವಾರದಲ್ಲಿ ನಾನು ಸೈಕಲ್ ಹೊಡೆಯಲು ಕಲಿತೆ. ಆದರೆ ಸೈಕಲ್ಲಿನ ವಿಷಯ ಕಲಿಯಲಿಲ್ಲ. ತುಳಿಯಲು ಬಂದರೆ ಸಾಕು ಅಂದುಕೊಂಡೆ.

ಎರಡನೇ ಮಳೆಗಾಲ. ಬ್ರೇಕ್ ಹಿಡಿದಾಗಲೆಲ್ಲ ಕಿರ್ ಎಂದು ಸದ್ದು ಬರತೊಡಗಿತು. ರಿಪೇರಿ ಅಂಗಡಿಗೆ ಹೋದೆ. "ಎಂತ ಆಯ್ತು?" ಅಂತ ಕೇಳಿದರು. "ಏನೋ ಸದ್ದು ಬರ್ತದೆ" ಅಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಗೊತ್ತಿರಲಿಲ್ಲ. ಅವರು ಚೈನಿಗೆ ಎಣ್ಣೆ ಬಿಟ್ಟರು. ಹತ್ತು ರೂಪಾಯಿ ತೆಗೆದುಕೊಂಡು ಕಳಿಸಿದರು. ಮೂರನೇ ದಿನ ಗುಡ್ಡ ಇಳಿಯುವಾಗ ಬ್ರೇಕ್ ಹಿಡಿಯಲೇ ಇಲ್ಲ. ತಿರುವಿನಲ್ಲಿ ಸೀದಾ ಬೇಲಿಗೆ ನುಗ್ಗಿದೆ. ಮೊಣಕೈ ಮೇಲೆ ಆ ಕಲೆ ಈಗಲೂ ಇದೆ. ಸವೆದಿದ್ದು ಬ್ರೇಕಿನ ರಬ್ಬರು. "ಬ್ರೇಕಿನ ರಬ್ಬರು ನೋಡಿ" ಎಂಬ ಮೂರೇ ಮಾತು ಗೊತ್ತಿದ್ದರೆ ನಾನು ಬೀಳುತ್ತಿರಲಿಲ್ಲ.

ಅದಕ್ಕೇ ಮೊದಲು ಹೆಸರು ಕಲಿಯೋಣ. ಸೈಕಲ್ಲನ್ನು ಅಂಗಳಕ್ಕೆ ತನ್ನಿ. ಸ್ಟ್ಯಾಂಡ್ ಹಾಕಿ. ಈ ಪಾಠ ಓದುತ್ತಾ ಒಂದೊಂದನ್ನೂ ಮುಟ್ಟಿ ನೋಡಿ.

ಕೈಯಲ್ಲಿ ಹಿಡಿಯುವುದು ಹ್ಯಾಂಡಲ್. ಕೂರುವುದು ಸೀಟು. ಇವೆರಡನ್ನೂ ಹೊತ್ತಿರುವ ಕಬ್ಬಿಣದ ಕೊಳವೆಗಳು ಫ್ರೇಮ್. ಅದು ಸೈಕಲ್ಲಿನ ಬೆನ್ನೆಲುಬು. ಚಕ್ರದ ಲೋಹದ ಬಳೆ ರಿಮ್. ಅದರೊಳಗಿನ ತೆಳು ತಂತಿಗಳು ಕಡ್ಡಿ. ಹೊರಗಿನ ಕಪ್ಪು ರಬ್ಬರು ಟಯರ್. ಅದರ ಒಳಗೆ ಗಾಳಿ ತುಂಬಿದ ಟ್ಯೂಬ್ ಇರುತ್ತದೆ. ಗಾಳಿ ಹಾಕುವ ಬಾಯಿ ವಾಲ್ವ್. ಪಂಚರ್ ಆಗುವುದು ಟ್ಯೂಬ್, ಟಯರಲ್ಲ. ತೂತು ಎಲ್ಲಿದೆ ಅಂತ ತಿಳಿಯಲು ಟ್ಯೂಬಿಗೆ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಬಂದಲ್ಲಿ ತೂತು.

ಈಗ ಕೆಳಗೆ ನೋಡಿ. ಕಾಲಿಡುವುದು ಪೆಡಲ್. ಪೆಡಲ್ ತುಳಿದರೆ ಹಲ್ಲಿನ ದೊಡ್ಡ ಚಕ್ರ ತಿರುಗುತ್ತದೆ. ಅದು ಚೈನನ್ನು ಎಳೆಯುತ್ತದೆ. ಚೈನು ಹಿಂದಿನ ಸಣ್ಣ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಆ ಸಣ್ಣದರ ಹೆಸರು ಫ್ರೀವೀಲ್. ಪೆಡಲನ್ನು ಹಿಂದಕ್ಕೆ ತಿರುಗಿಸಿ. ಟಿಕ್ ಟಿಕ್ ಅನ್ನುತ್ತದೆ, ಸೈಕಲ್ ಹಿಂದೆ ಬರುವುದಿಲ್ಲ. ಇಳಿಜಾರಿನಲ್ಲಿ ಕಾಲು ಆಡಿಸದೆ ಸುಮ್ಮನೆ ಕೂರಬಹುದಲ್ಲ, ಅದು ಈ ಫ್ರೀವೀಲಿನಿಂದ.

ನೀವು ಎಣಿಸಲು ಕಲಿತಿದ್ದೀರಿ. ಎರಡೂ ಚಕ್ರಗಳ ಹಲ್ಲು ಎಣಿಸಿ. ಮುಂದಿನದರಲ್ಲಿ 44, ಹಿಂದಿನದರಲ್ಲಿ 18 ಇದ್ದರೆ, ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ಬರುತ್ತದೆ. ಸಪಾಟು ರಸ್ತೆಯಲ್ಲಿ ಅದು ಲಾಭ. ಏರಿನಲ್ಲಿ ಅದೇ ಕಷ್ಟ, ಕಾಲು ಸೋಲುತ್ತದೆ.

ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟ ನೆನಪಿಸಿಕೊಳ್ಳಿ. ಬಸ್ಸೇ ಗೇರು ಬದಲಿಸಿ ಬದಲಿಸಿ ಹತ್ತುತ್ತದೆ. ಸೈಕಲ್ಲಿಗೂ ಗೇರು ಉಂಟು. ಈಗಿನ ಹುಡುಗರು ಕೇಳುವ ದಪ್ಪ ಟಯರಿನ ಗೇರ್ ಸೈಕಲ್ ನೋಡಿದ್ದೀರಲ್ಲ? ಅದರ ಹಿಂದೆ ಒಂದಲ್ಲ, ಆರೋ ಏಳೋ ಹಲ್ಲಿನ ಚಕ್ರಗಳಿರುತ್ತವೆ. ಮುಂದೆ ಮೂರು ಇದ್ದರೆ ಮೂರು ಏಳಲೆ ಇಪ್ಪತ್ತೊಂದು, 21 ಗೇರು. ಏರು ಬಂದಾಗ ಚೈನನ್ನು ಮುಂದೆ ಸಣ್ಣ ಚಕ್ರಕ್ಕೆ, ಹಿಂದೆ ದೊಡ್ಡ ಚಕ್ರಕ್ಕೆ ಹಾಕಬೇಕು. ಆಗ ತುಳಿಯುವುದು ಹಗುರ, ಆದರೆ ಹೆಚ್ಚು ಸಲ ತುಳಿಯಬೇಕು. ತುಂಬಿದ ದೊಡ್ಡ ಕೊಡ ಒಮ್ಮೆ ಹೊರುವ ಬದಲು ಸಣ್ಣ ಕೊಡ ಎರಡು ಸಲ ಹೊತ್ತ ಹಾಗೆ. ಗೇರು ಬದಲಿಸುವುದು ಏರು ಶುರುವಾಗುವ ಮೊದಲೇ. ಅರ್ಧ ಏರಿನಲ್ಲಿ ಬದಲಿಸಲು ಹೋದರೆ ಚೈನು ಕಳಚಬಹುದು.

ಇಂಥ ಬೆಟ್ಟದ ಸೈಕಲ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1970ರ ದಶಕದಲ್ಲಿ. ಅಲ್ಲಿನ ಹುಡುಗರು ದಪ್ಪ ಟಯರಿನ ಹಳೇ ಸೈಕಲ್ ತೆಗೆದುಕೊಂಡು ಮಣ್ಣಿನ ದಾರಿಯಲ್ಲಿ ಬೆಟ್ಟ ಇಳಿಯುತ್ತಿದ್ದರು. ಇಳಿಯುವಷ್ಟರಲ್ಲಿ ಬ್ರೇಕ್ ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕು. ಆ ಇಳಿಜಾರಿಗೆ 'ರೀಪ್ಯಾಕ್', ಅಂದರೆ ಮತ್ತೆ ತುಂಬು, ಎಂದೇ ಹೆಸರು ಬಿತ್ತು. ಈಗ ಅದು ದೊಡ್ಡ ಆಟ. ಬೆಟ್ಟ, ಕಾಡು, ಕಾಲುದಾರಿಯಲ್ಲಿ ಹತ್ತಿ ಇಳಿಯುವುದು ಕ್ರಾಸ್ ಕಂಟ್ರಿ. ಬರೀ ಇಳಿಯುವುದು ಡೌನ್‌ಹಿಲ್. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕ್ರಾಸ್ ಕಂಟ್ರಿ ಮೊದಲ ಸಲ ಸೇರಿತು. ಹೆಂಗಸರಿಗೂ ಅದೇ ವರ್ಷದಿಂದ ಸ್ಪರ್ಧೆ ಇತ್ತು. ನಮಗೆ ಆ ಆಟ ಬೇಡ. ಆದರೆ ನಮ್ಮೂರಲ್ಲೂ ಇಳಿಜಾರು ಉಂಟಲ್ಲ, ಅವರ ಬ್ರೇಕಿನ ಪಾಠ ಬೇಕು.

ಬ್ರೇಕ್ ಎರಡು. ಯಾವ ಕೈಯದು ಯಾವ ಚಕ್ರದ್ದು ಅಂತ ಹಿಡಿದು ನೋಡಿ ತಿಳಿದುಕೊಳ್ಳಿ. ಇಳಿಜಾರಿನಲ್ಲಿ ಮುಂದಿನದೊಂದನ್ನೇ ಗಟ್ಟಿ ಹಿಡಿದರೆ ಸೈಕಲ್ ನಿಮ್ಮನ್ನು ಮುಂದಕ್ಕೆ ಎತ್ತಿ ಒಗೆಯುತ್ತದೆ. ಎರಡನ್ನೂ ಕೂಡಿಸಿ, ಮೆಲ್ಲಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ. ಸೀಟಿನಲ್ಲಿ ಸ್ವಲ್ಪ ಹಿಂದೆ ಸರಿದು ಕೂತುಕೊಳ್ಳಿ. ತಿರುವಿನಲ್ಲಿ ಬ್ರೇಕ್ ಹಿಡಿಯುವುದಲ್ಲ, ತಿರುವಿಗೆ ಮೊದಲೇ ನಿಧಾನ ಆಗಬೇಕು. ಮಳೆಯಲ್ಲಿ ರಿಮ್ ಒದ್ದೆ ಇರುತ್ತದೆ, ರಬ್ಬರು ಜಾರುತ್ತದೆ. ಜೂನ್ ಬಂದ ಮೇಲೆ ಇನ್ನೂ ದೂರದಿಂದಲೇ ಹಿಡಿಯಲು ಶುರು ಮಾಡಿ.

ನಮ್ಮದು ಸಮುದ್ರದ ಗಾಳಿ. ಕಬ್ಬಿಣಕ್ಕೆ ಬೇಗ ತುಕ್ಕು. ಚೈನಿಗೆ ತೆಂಗಿನೆಣ್ಣೆ ಹಾಕಬೇಡಿ, ಅಂಟಾಗಿ ಮಣ್ಣು ಹಿಡಿಯುತ್ತದೆ. ಹೊಲಿಗೆ ಮಷೀನಿನ ಎಣ್ಣೆ ನಾಲ್ಕು ಹನಿ ಬಿಟ್ಟು ಬಟ್ಟೆಯಿಂದ ಒರೆಸಿ. ರಿಮ್ಮಿಗೆ, ಬ್ರೇಕಿನ ರಬ್ಬರಿಗೆ ಮಾತ್ರ ಎಣ್ಣೆ ತಾಗಬಾರದು.

"ಈ ವಯಸ್ಸಿಗೆ ಸೈಕಲ್ಲಾ? ಜನ ಎಂತ ಹೇಳ್ತಾರೆ?" ಅಂತ ನೀವು ಕೇಳುತ್ತೀರಿ. ನಮ್ಮ ಆಯಿಯೂ ಕೇಳಿದಳು. ಅವಳಿಗೆ ನಾನು ಪುದುಕೋಟೆಯ ಕತೆ ಹೇಳಿದೆ. ಅದು ತಮಿಳುನಾಡಿನ ಒಂದು ಜಿಲ್ಲೆ. 1991ರ ಹೊತ್ತಿಗೆ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಕೂಲಿಯವರು, ಕಲ್ಲುಕ್ವಾರಿಯವರು, ಅಂಗನವಾಡಿಯವರು ಎಲ್ಲ ಕಲಿತರು. ಜನ ಆಡಿಕೊಂಡರು, ಇವರು ಬಿಡಲಿಲ್ಲ. 1992ರ ಮಾರ್ಚ್ 8ರಂದು ಸಾವಿರಕ್ಕೂ ಹೆಚ್ಚು ಹೆಂಗಸರು ಬೆಲ್ ಬಾರಿಸುತ್ತಾ ಪೇಟೆಯಲ್ಲಿ ಮೆರವಣಿಗೆ ಹೋದರು. ಲೇಡೀಸ್ ಸೈಕಲ್ ಸಾಲದೆ ಬಂತು. ಗಂಡಸರ ಸೈಕಲ್ಲೇ ತೆಗೆದುಕೊಂಡರು. ಸೀಟಿನಿಂದ ಹ್ಯಾಂಡಲಿಗೆ ಇರುವ ಅಡ್ಡ ಬಾರಿನ ಮೇಲೆ ಮಗುವನ್ನು ಕೂರಿಸಬಹುದು, ಅದೇ ಒಳ್ಳೇದು ಅಂದವರೂ ಇದ್ದರಂತೆ!

ಆಯಿ ಕಲಿತದ್ದು ಹೀಗೆ. ಸೀಟನ್ನು ತೀರಾ ಕೆಳಗೆ ಇಳಿಸಿದೆವು, ಎರಡೂ ಪಾದ ನೆಲಕ್ಕೆ ಊರುವಷ್ಟು. ಪೆಡಲ್ ಮುಟ್ಟದೆ ಕಾಲಿನಿಂದಲೇ ನೆಲ ತಳ್ಳುತ್ತಾ ನಾಲ್ಕು ದಿನ ಅಂಗಳ ಸುತ್ತಿದಳು. ತೂಕ ಹಿಡಿಯುವುದು ಬಂದ ಮೇಲೆ ಪೆಡಲ್. ಕಣ್ಣು ಚಕ್ರದ ಮೇಲೆ ಇಟ್ಟರೆ ಬೀಳುತ್ತೀರಿ, ದೂರ ನೋಡಬೇಕು. ಸೆರಗು, ಚೂಡಿದಾರದ ವೇಲು, ಬುರ್ಖಾದ ಅಂಚು ಯಾವುದೇ ಇರಲಿ, ಚೈನಿಗೆ, ಕಡ್ಡಿಗೆ ಸಿಗದ ಹಾಗೆ ಬಿಗಿದು ಕಟ್ಟಿ. ಚೈನಿಗೆ ಮುಚ್ಚಳ ಇದ್ದರೆ ಒಳ್ಳೆಯದು. ಹೈವೇಯಲ್ಲಿ ಕಲಿಯಲೇಬೇಡಿ.

ಎರಡು ಸಲ ಬಿದ್ದಳು. ಮೂರನೇ ವಾರ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋದಳು. ಏರಿನಲ್ಲಿ ಈಗಲೂ ಇಳಿದು ತಳ್ಳುತ್ತಾಳೆ. ತಳ್ಳಿದರೆ ತಪ್ಪೇನು? ಹೊತ್ತದ್ದಕ್ಕಿಂತ ಹಗುರ.

ಮೊನ್ನೆ ಸೈಕಲ್ ಸದ್ದು ಮಾಡಿತಂತೆ. ಅಂಗಡಿಗೆ ಹೋಗಿ ಹೇಳಿದಳಂತೆ, "ಹಿಂದಿನ ಬ್ರೇಕಿನ ರಬ್ಬರು ಸವೆದಿದೆ, ಹೊಸದು ಹಾಕಿ. ಹಳೇದು ನನಗೆ ತೋರಿಸಿ."