ಮೈ ಗಟ್ಟಿಯಾಯ್ತು ಅಂತ ತಿಳಿಯೋದು ಹೇಗೆ?



ನಮ್ಮೂರ ದೇವಸ್ಥಾನ ಗುಡ್ಡದ ಮೇಲಿದೆ. ಹತ್ತಲು 80 ಮೆಟ್ಟಿಲು. ನಮ್ಮ ಕಲಿಕೆ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಹೋದ ವರ್ಷ ನಾಲ್ಕು ಕಡೆ ಕೂತು ಕೂತು ಹತ್ತಿದರು. "ವಯಸ್ಸಾಯ್ತು ಟೀಚರ್, ಇನ್ನೇನು?" ಅಂದರು. ಆಗ ಅವರಿಗೆ ಬರೀ 38 ವರ್ಷ!

ಈ ವರ್ಷ ಅದೇ ಅಕ್ಕ ಮೇಲೆ ಹೋಗಿ ನಿಂತರು. ತಿರುಗಿ ನೋಡಿದರು. "ಅಯ್ಯೋ, ನಾನು ಎಲ್ಲೂ ಕೂರಲೇ ಇಲ್ಲವಲ್ಲ!" ಅಂದರು.

ಈ ಬದಲಾವಣೆ ಹೇಗೆ ಬಂತು? ಅದನ್ನೇ ಈ ಪಾಠದಲ್ಲಿ ಓದೋಣ.

ಹೊಲದ ಕೆಲಸ ಸಾಲದೇ?

ಮಹಿಳಾ ದಿನಾಚರಣೆಗೆ ಶಾಲೆಯ ಬಯಲಲ್ಲಿ ಓಟದ ಸ್ಪರ್ಧೆ ಇಟ್ಟುಕೊಂಡೆವು. ಅಭ್ಯಾಸಕ್ಕೆ ಬನ್ನಿ ಅಂದಾಗ ಎಲ್ಲರೂ ನಕ್ಕರು. "ದಿನಾ ದುಡಿದು ಸಾಯ್ತೀವಿ. ಇನ್ನು ಆಟ ಬೇರೆ ಕೇಡು!" ಅಂದರು.

ಆ ಮಾತು ಸುಳ್ಳಲ್ಲ. ದುಡಿಮೆಯಲ್ಲೂ ಮೈ ಗಟ್ಟಿಯಾಗುತ್ತದೆ. ಆದರೆ ಕಳೆ ಕೀಳುವಾಗ ಸೊಂಟ ಬಾಗಿಯೇ ಇರುತ್ತದೆ. ಬಟ್ಟೆ ಒಗೆಯುವಾಗ ಅದೇ ತೋಳು, ಅದೇ ಬೆನ್ನು ದುಡಿಯುತ್ತದೆ. ಒಂದೇ ಭಾಗ ದಣಿಯುತ್ತದೆ, ನೋಯುತ್ತದೆ. ಬೇರೆ ಭಾಗಗಳಿಗೆ ಅಷ್ಟು ಕೆಲಸ ಸಿಗುವುದಿಲ್ಲ. ಆಟದಲ್ಲಿ ಹಾಗಲ್ಲ. ಮೈಯೆಲ್ಲ ಆಡುತ್ತದೆ. ಮನಸ್ಸೂ ಹಗುರವಾಗುತ್ತದೆ.

ಬೇರೆ ಬೇರೆ ಆಟ ಯಾಕೆ?

ನಾವು ಬರೀ ಓಡಲಿಲ್ಲ. ವಾರದಲ್ಲಿ ಎರಡು ದಿನ ಓಟ. ಎರಡು ದಿನ ಥ್ರೋಬಾಲ್, ಖೊ ಖೊ. ಒಂದು ದಿನ ಹಗ್ಗದಾಟ, ಕುಂಟೆಬಿಲ್ಲೆ. ಎರಡು ದಿನ ಬಿಡುವು.

ಓಟದಲ್ಲಿ ಕಾಲಿಗೆ ಕೆಲಸ ಹೆಚ್ಚು. ಥ್ರೋಬಾಲಿನಲ್ಲಿ ತೋಳು, ಭುಜಕ್ಕೆ ಕೆಲಸ. ಖೊ ಖೊ ಆಟದಲ್ಲಿ ಕೂರಬೇಕು, ಥಟ್ಟನೆ ಏಳಬೇಕು, ಓಡಬೇಕು, ತಿರುಗಬೇಕು. ತೊಡೆ, ಸೊಂಟ ಗಟ್ಟಿಯಾಗುತ್ತವೆ. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಿನ ಮೇಲೆ ನಿಲ್ಲಬೇಕು. ಬೀಳದೆ ನಿಲ್ಲುವುದು ಅಭ್ಯಾಸವಾಗುತ್ತದೆ.

ಇನ್ನೊಂದು ಲಾಭ ಇದೆ. ದಿನಾ ಓಡಿದರೆ ಮಂಡಿ, ಹಿಮ್ಮಡಿ ನೋಯಬಹುದು. ಥ್ರೋಬಾಲ್ ಆಡಿದ ದಿನ ಅವಕ್ಕೆ ಅಷ್ಟು ಪೆಟ್ಟಿಲ್ಲ. ಆದರೆ ಹೃದಯಕ್ಕೆ, ಶ್ವಾಸಕೋಶಕ್ಕೆ ಅವತ್ತೂ ಕೆಲಸ ಉಂಟು. ಯಾವ ಆಟವಾದರೂ ಸರಿ, ಏದುಸಿರು ಬಂದರೆ ಅವೆರಡೂ ದುಡಿಯುತ್ತವೆ. ಅದಕ್ಕೇ ಖೊ ಖೊ ಆಡಿದವರಿಗೆ ಓಟದಲ್ಲೂ ದಮ್ಮು ಹೆಚ್ಚುತ್ತದೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ನಡೆಯಿತು. ಮಹಿಳೆಯರಲ್ಲಿ ಭಾರತವೇ ಗೆದ್ದಿತು. ಆ ತಂಡದಲ್ಲಿ ಆಡಿದ ಚೈತ್ರಾ ಮೈಸೂರು ಜಿಲ್ಲೆಯ ಕುರುಬೂರಿನವರು. ಹಳ್ಳಿಯ ಮಣ್ಣಿನ ಆಟ ಅಷ್ಟು ದೂರ ಹೋಯಿತು ನೋಡಿ!

ಎಷ್ಟು ಹೊತ್ತು ಆಡಬೇಕು? ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ. ಲೆಕ್ಕ ಹಾಕಿ. 150 ನಿಮಿಷ ಆಯಿತು. ದೊಡ್ಡವರಿಗೆ ವಾರಕ್ಕೆ ಕಡಿಮೆ ಅಂದರೂ ಇಷ್ಟು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಗುರುತು ಹಿಡಿಯುವುದು ಹೇಗೆ?

ಮೈ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ದಿನಾ ನೋಡುವ ಮಗು ಬೆಳೆದದ್ದು ತಾಯಿಗೆ ಕಾಣುವುದಿಲ್ಲ, ನೆಂಟರಿಗೆ ಕಾಣುತ್ತದೆ. ಇದೂ ಹಾಗೇ. ಅದಕ್ಕೇ ಬರೆದಿಡಬೇಕು. ನಿಮಗೆ ಈಗ ಬರೆಯಲು ಬರುತ್ತದಲ್ಲ! ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ. ವಾರಕ್ಕೆ ಒಂದು ಸಲ ಈ ನಾಲ್ಕು ಬರೆಯಿರಿ.

1. ನಾಡಿ. ಬೆಳಿಗ್ಗೆ ಎದ್ದ ಕೂಡಲೇ ನೋಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳಿಡಿ. ಒಂದು ನಿಮಿಷ ಎಣಿಸಿ. ದೊಡ್ಡವರಿಗೆ ಸಾಮಾನ್ಯವಾಗಿ 60ರಿಂದ 100 ಇರುತ್ತದೆ. ಹೃದಯ ಗಟ್ಟಿಯಾದಂತೆ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಆಗ ಕಡಿಮೆ ಬಡಿತ ಸಾಕು. ನಮ್ಮ ಅಕ್ಕನ ನಾಡಿ ಮೊದಲು 84 ಇತ್ತು. ಹತ್ತು ವಾರದ ಮೇಲೆ 76 ಆಯಿತು.

2. ದೂರ. ಕರೆಂಟ್ ಕಂಬ ಎಣಿಸಿ. ನಿಲ್ಲದೆ ಎಷ್ಟು ಕಂಬ ಓಡಿದಿರಿ? ಅಕ್ಕ ಮೊದಲ ದಿನ 2 ಕಂಬಕ್ಕೇ ನಿಂತರು. ಆಮೇಲೆ 9 ಕಂಬ ಓಡಿದರು.

3. ಮಾತು. ಬೇಗ ಬೇಗ ನಡೆಯುತ್ತಾ ಮಾತಾಡಿ. ಮೊದಲು ಮಾತು ತುಂಡು ತುಂಡಾಗುತ್ತದೆ. ದಮ್ಮು ಬಂದ ಮೇಲೆ ಸಲೀಸಾಗುತ್ತದೆ.

4. ಸುಧಾರಿಸಿಕೊಳ್ಳುವುದು. ಓಡಿ ನಿಂತ ಮೇಲೆ ಏದುಸಿರು ಇಳಿಯಲು ಎಷ್ಟು ನಿಮಿಷ ಬೇಕಾಯಿತು? ಅದು ಕಡಿಮೆಯಾಗುತ್ತಾ ಹೋಗಬೇಕು.

ತೂಕ ಇಳಿಯಲಿಲ್ಲ ಅಂತ ಬೇಜಾರಾಗಬೇಡಿ. ತೂಕ ಹಾಗೇ ಇದ್ದರೂ ಒಳಗೆ ಶಕ್ತಿ ಹೆಚ್ಚಿರಬಹುದು. ಎರಡು ತಿಂಗಳಾದರೂ ತಾಳ್ಮೆ ಬೇಕು.

ಒಬ್ಬರಿಗೆ ಗುರುತು ಕಾಣಲಿಲ್ಲ

ನಮ್ಮಲ್ಲಿ 24 ವರ್ಷದ ಒಬ್ಬ ಸೊಸೆ ಇದ್ದಳು. ಎಲ್ಲರಷ್ಟೇ ಆಡಿದಳು. ಆದರೆ ಆರು ವಾರವಾದರೂ 2 ಕಂಬ ದಾಟಲಿಲ್ಲ. ನಾಡಿ 96 ಇದ್ದದ್ದು 98 ಆಯಿತು. "ಆಟದಿಂದಲೇ ಹೀಗಾಗಿದೆ, ಬಿಟ್ಟುಬಿಡು" ಅಂದರು ಅತ್ತೆ.

ನಾವು ಅವಳ ನೋಟ್‌ಬುಕ್ ಹಿಡಿದು ಅತ್ತೆಯನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರು ಪುಟ ತಿರುಗಿಸಿ ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 8 ಗ್ರಾಂ ಇತ್ತು. ಹೆಂಗಸರಿಗೆ 12 ಇರಬೇಕು. ಬಸುರಿಗೆ 11 ಆದರೂ ಬೇಕು.

ಹಿಮೋಗ್ಲೋಬಿನ್ ಉಸಿರಿನ ಗಾಳಿಯಿಂದ ಆಮ್ಲಜನಕ ಹೊತ್ತು ಮೈಗೆಲ್ಲ ಹಂಚುತ್ತದೆ. ಅದು ಕಡಿಮೆಯಾದರೆ ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ, ಸುಸ್ತು ಬಿಡುವುದಿಲ್ಲ. ಆಟ ಅವಳನ್ನು ಕೆಡಿಸಲಿಲ್ಲ. ಒಳಗಿದ್ದ ತೊಂದರೆಯನ್ನು ತೋರಿಸಿಕೊಟ್ಟಿತು.

ಕಬ್ಬಿಣದ ಮಾತ್ರೆ ಕೊಟ್ಟರು. ಸೊಪ್ಪು, ಕಾಳು, ಆಗುವವರು ಮಾಂಸ ತಿನ್ನಿ, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟವಾದ ಕೂಡಲೇ ಟೀ ಕುಡಿಯಬೇಡಿ ಅಂದರು. ರಕ್ತ ಹೆಚ್ಚುವವರೆಗೆ ಓಟ ಬೇಡ, ನಿಧಾನವಾಗಿ ನಡೆದರೆ ಸಾಕು ಅಂದರು. ಮೂರು ತಿಂಗಳಿಗೆ 11 ಆಯಿತು. ಈಗ ಸಂಜೆಯಾದರೆ ಅತ್ತೆಯೇ ಹೇಳುತ್ತಾರೆ, "ಹೋಗವ್ವ, ಮಗೂನ ನಾನು ನೋಡ್ಕೋತೀನಿ."

ಎಚ್ಚರ

ಎದೆನೋವು, ತಲೆಸುತ್ತು ಬಂದರೆ ತಕ್ಷಣ ಆಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಬಸುರಿಯರು, ಬಾಣಂತಿಯರು, ಬಿ.ಪಿ. ಇರುವವರು ಮೊದಲೇ ಕೇಳಿ ಆಡಿ. ಶುರುವಿಗೆ ನಡೆಯಿರಿ, ಆಮೇಲೆ ಓಡಿ. ಸೆರಗು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಳ್ಳಿ. ನೀರು ಕುಡಿಯಿರಿ.

ನೀವೂ ಮಾಡಿ ನೋಡಿ

ಇವತ್ತೇ ನಿಮ್ಮ ನಾಡಿ ಎಣಿಸಿ. ತಾರೀಕು ಹಾಕಿ ಬರೆಯಿರಿ. ಚಿಕ್ಕಂದಿನಲ್ಲಿ ನೀವು ಆಡುತ್ತಿದ್ದ ಮೂರು ಆಟಗಳ ಹೆಸರು ಬರೆಯಿರಿ. ಅದರಲ್ಲಿ ಒಂದನ್ನು ನಾಳೆ ಸಂಜೆ ಜೊತೆಯವರನ್ನು ಕರೆದುಕೊಂಡು ಆಡಿ. ಎರಡು ತಿಂಗಳ ಮೇಲೆ ಇದೇ ಪುಟ ತೆಗೆದು ಓದಿ. ನಿಮ್ಮ ಮೈಯ ಕತೆಯನ್ನು ನೀವೇ ಬರೆದಿರುತ್ತೀರಿ, ನೀವೇ ಓದುತ್ತೀರಿ.