ಹಲ್ಲುಗಳ ರಕ್ಷಣೆ

ಮಕ್ಕಳೇ, ತಾಂಡೂರಿನ ಹಾಸುಗಲ್ಲನ್ನು ನೀವು ನೋಡಿದ್ದೀರಿ. ನೀಲಿ, ಹಳದಿ ಬಣ್ಣದ ಈ ಕಲ್ಲನ್ನು ಮನೆಯ ನೆಲಕ್ಕೆ ಹಾಸುತ್ತಾರೆ. ಎಷ್ಟು ಜನ ನಡೆದಾಡಿದರೂ ಅದು ಬೇಗ ಸವೆಯುವುದಿಲ್ಲ. ಆದರೆ ನುಣುಪು ಮಾಡಿದ ಒಂದು ಕಲ್ಲಿನ ಚೂರಿನ ಮೇಲೆ ನಿಂಬೆರಸ ಹಾಕಿರಿ. ಸ್ವಲ್ಪ ಹೊತ್ತಿನ ನಂತರ ಒರೆಸಿ ನೋಡಿರಿ. ರಸ ಬಿದ್ದ ಕಡೆ ಹೊಳಪು ಹೋಗಿ ಕಲ್ಲು ಮಸುಕಾಗುತ್ತದೆ. ಇದಕ್ಕೆ ಕಾರಣವೇನು? ಅದು ಸುಣ್ಣಕಲ್ಲು. ಅದರಲ್ಲಿ ಕ್ಯಾಲ್ಸಿಯಂ ಇದೆ. ನಿಂಬೆರಸದ ಆಮ್ಲವು ಆ ಕಲ್ಲನ್ನು ಕರಗಿಸುತ್ತದೆ.

ನಮ್ಮ ಹಲ್ಲಿನ ಹೊರಪದರಕ್ಕೆ ಎನಾಮೆಲ್ ಎಂದು ಹೆಸರು. ಶರೀರದಲ್ಲಿ ಅದಕ್ಕಿಂತ ಗಟ್ಟಿಯಾದುದು ಬೇರೊಂದಿಲ್ಲ. ಆದರೆ ಅದರಲ್ಲಿಯೂ ಕ್ಯಾಲ್ಸಿಯಂ ಇದೆ. ಆಮ್ಲವು ಅದನ್ನೂ ಕರಗಿಸುತ್ತದೆ.

ಬಾಯಿಯೊಳಗೆ ಆಮ್ಲ ಎಲ್ಲಿಂದ ಬರುತ್ತದೆ? ಬಾಯಿಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ. ಜಹೀರಾಬಾದಿನ ಸುತ್ತಮುತ್ತ ಕಬ್ಬು ಬೆಳೆಯುತ್ತಾರೆ. ಕಬ್ಬು, ಬೆಲ್ಲ, ಬಿಸ್ಕತ್ತು, ಚಾಕಲೇಟು ನಮಗೆಲ್ಲ ಇಷ್ಟ. ಅವುಗಳ ಸಿಹಿ ಹಲ್ಲಿಗೆ ಅಂಟಿದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಆಮ್ಲವನ್ನು ಉಂಟುಮಾಡುತ್ತವೆ. ಎನಾಮೆಲ್ ಕರಗಿ ಹಲ್ಲಿನಲ್ಲಿ ತೂತು ಬೀಳುತ್ತದೆ. ಇದೇ ಹುಳುಕು ಹಲ್ಲು. ಅದರೊಳಗೆ ಯಾವ ಹುಳುವೂ ಇರುವುದಿಲ್ಲ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಆದರೆ ಹಲ್ಲಿನ ತೂತು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಮಕ್ಕಳಿಗೆ 20 ಹಾಲುಹಲ್ಲುಗಳು ಇರುತ್ತವೆ. ಸುಮಾರು 6ನೆಯ ವರ್ಷದಲ್ಲಿ ಅವುಗಳ ಹಿಂದೆ 4 ದವಡೆಹಲ್ಲುಗಳು ಹುಟ್ಟುತ್ತವೆ. ಯಾವ ಹಲ್ಲೂ ಬೀಳದೆ ಇವು ಬರುವುದರಿಂದ ಹಲವರು ಇವನ್ನೂ ಹಾಲುಹಲ್ಲೆಂದು ತಿಳಿಯುತ್ತಾರೆ. ಆದರೆ ಇವು ಶಾಶ್ವತ ಹಲ್ಲುಗಳು. ಇವು ಹೋದರೆ ಮತ್ತೆ ಹುಟ್ಟುವುದಿಲ್ಲ. ಕನ್ನಡಿ ಹಿಡಿದು ನಿಮ್ಮ ಬಾಯಿಯಲ್ಲಿ ಇವನ್ನು ಗುರುತಿಸಿರಿ.

ಹಲ್ಲುಗಳನ್ನು ಹೀಗೆ ಕಾಪಾಡಿಕೊಳ್ಳಿರಿ:

1. ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವ ಮೊದಲು ಎರಡೆರಡು ನಿಮಿಷ ಹಲ್ಲುಜ್ಜಿರಿ. ಜೊಲ್ಲು ಹಲ್ಲನ್ನು ತೊಳೆಯುತ್ತದೆ. ನಿದ್ರೆಯಲ್ಲಿ ಜೊಲ್ಲು ಕಡಿಮೆ. ಆದುದರಿಂದ ರಾತ್ರಿ ಉಜ್ಜುವುದನ್ನು ಮರೆಯಬಾರದು.

2. ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು ಸಾಕು. ಅದನ್ನು ನುಂಗದೆ ಉಗುಳಿರಿ.

3. ಹಲ್ಲಿನ ಹೊರಗೆ, ಒಳಗೆ, ಅಗಿಯುವ ಕಡೆ ಮೆಲ್ಲಗೆ ಉಜ್ಜಿರಿ. ಇಟ್ಟಿಗೆ ಪುಡಿ, ಇದ್ದಿಲು ಹಲ್ಲನ್ನು ಸವೆಸುತ್ತವೆ. ತಂಬಾಕು ಬೆರೆತ ಹಲ್ಲುಪುಡಿಯನ್ನು ಮುಟ್ಟಲೇಬೇಡಿರಿ.

4. ಕಬ್ಬಿನ ನಾರು, ಮಾವಿನ ನಾರು ಹಲ್ಲಿನ ಸಂದಿನಲ್ಲಿ ಸಿಕ್ಕಿಕೊಳ್ಳುತ್ತವೆ. ಬ್ರಷ್ಷು ಅಲ್ಲಿಗೆ ತಲುಪದು. ಅದಕ್ಕಾಗಿ ಫ್ಲಾಸ್ ಎಂಬ ತೆಳುವಾದ ದಾರವಿದೆ. ದಿನಕ್ಕೊಮ್ಮೆ ದೊಡ್ಡವರ ಸಹಾಯದಿಂದ ಅದನ್ನು ಸಂದಿನಲ್ಲಿ ಮೆಲ್ಲಗೆ ಆಡಿಸಿರಿ. ಪಿನ್ನು, ಕಡ್ಡಿ ಚುಚ್ಚಬೇಡಿರಿ. ಒಸಡಿಗೆ ಗಾಯವಾಗುತ್ತದೆ.

5. ಸಿಹಿ ತಿಂದ ಮೇಲೆ ಬಾಯಿ ಮುಕ್ಕಳಿಸಿರಿ. ಹಲ್ಲು ನೋಯುವವರೆಗೆ ಕಾಯದೆ ದಂತವೈದ್ಯರಿಗೆ ತೋರಿಸಿರಿ.

ಹಾಸುಗಲ್ಲು ಒಡೆದರೆ ಬೇರೊಂದನ್ನು ತರಬಹುದು. ಶಾಶ್ವತ ಹಲ್ಲು ಹೋದರೆ ಮತ್ತೊಂದು ಹುಟ್ಟುವುದಿಲ್ಲ. ಇಂದು ರಾತ್ರಿಯಿಂದಲೇ ಹಲ್ಲುಜ್ಜಿ ಮಲಗಿರಿ.

ಪದಗಳ ಅರ್ಥ
ಆಮ್ಲ – ಹುಳಿ ಗುಣವುಳ್ಳ ವಸ್ತು
ಶಾಶ್ವತ – ಕೊನೆಯವರೆಗೂ ಇರುವ
ಒಸಡು – ಹಲ್ಲಿನ ಬುಡದ ಮಾಂಸ

ಪ್ರಶ್ನೆಗಳು
1. ಹಲ್ಲಿಗೂ ಹಾಸುಗಲ್ಲಿಗೂ ಇರುವ ಹೋಲಿಕೆ ಏನು?
2. ರಾತ್ರಿ ಏಕೆ ಹಲ್ಲುಜ್ಜಬೇಕು?
3. ನಿಮ್ಮ ಬಾಯಿಯಲ್ಲಿ ಶಾಶ್ವತ ಹಲ್ಲುಗಳು ಎಷ್ಟಿವೆ? ಎಣಿಸಿ ಬರೆಯಿರಿ.