ಕೊರೆಯುವ ಚಳಿಗೆ ಮುನಿಯುವ ಕಾರು: ದೆಹಲಿ ಕನ್ನಡಿಗರೇ, ಮುಂಜಾಗ್ರತೆ ಇರಲಿ

ನವದೆಹಲಿ: ಊರಿನಿಂದ ಬಂದ ಹೊಸತರಲ್ಲಿ ದೆಹಲಿಯ ಚಳಿ ಎಂದರೆ ನಮಗೆಲ್ಲ ಸ್ವೆಟರು, ಮಫ್ಲರು, ರಜಾಯಿಯ ವಿಷಯ ಮಾತ್ರ. ರಾತ್ರಿಯಿಡೀ ಮನೆಯ ಹೊರಗೆ ಮಂಜಿನಲ್ಲಿ ನೆನೆಯುವ ವಾಹನವನ್ನೂ ಈ ಚಳಿ ಕಾಡುತ್ತದೆ ಎಂಬುದು ಗೊತ್ತಾಗುವುದು ಕಾರು ಕೊಂಡ ಮೇಲೆಯೇ. ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 2006ರ ಜನವರಿ 8ರಂದು 0.2 ಡಿಗ್ರಿ, 2021ರ ಜನವರಿ 1ರಂದು 1.1 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿತ್ತು. ಮಂಗಳೂರು, ಮೈಸೂರುಗಳಲ್ಲಿ ಕಾರು ಓಡಿಸಿ ಬಂದವರಿಗೆ ಇದು ಹೊಸ ಪಾಠವೇ ಸರಿ.

ನಾನು ಈ ಪಾಠ ಕಲಿತದ್ದು ಕೆಲವು ವರ್ಷಗಳ ಹಿಂದೆ, ಜನವರಿಯ ಒಂದು ಬೆಳಗಿನ ಜಾವ ನಾಲ್ಕೂವರೆಗೆ. ಮಡದಿಗೆ ಹೆರಿಗೆ ನೋವು ಶುರುವಾಗಿತ್ತು. ಬಾಣಂತನಕ್ಕೆಂದು ಶಿರಸಿಯಿಂದ ಬಂದಿದ್ದ ಅತ್ತೆಯವರು ಚೀಲ ಹಿಡಿದು ಕಾರಿನ ಪಕ್ಕ ನಿಂತಿದ್ದರು. ಸೆಲ್ಫ್ ಹೊಡೆದರೆ 'ಟಿಕ್ ಟಿಕ್' ಎಂಬ ಸದ್ದು ಬಿಟ್ಟರೆ ಬೇರೇನಿಲ್ಲ. ಗಾಬರಿಯಲ್ಲಿ ಮತ್ತೆ ಮತ್ತೆ ಹೊಡೆದೆ. ಬ್ಯಾಟರಿಯಲ್ಲಿದ್ದ ಅಷ್ಟಿಷ್ಟು ಶಕ್ತಿಯೂ ಹೋಯಿತು. 'ಅಳಿಯಂದಿರೇ, ಬೇರೆ ಗಾಡಿ ನೋಡಿ, ತಡ ಮಾಡಬೇಡಿ' ಎಂದ ಅತ್ತೆಯವರ ದನಿ ನಡುಗುತ್ತಿದ್ದುದು ಚಳಿಗೋ ಭಯಕ್ಕೋ ತಿಳಿಯಲಿಲ್ಲ. ಎದುರು ಮನೆಯ ಸರ್ದಾರ್ಜಿ ಎದ್ದು ಬಂದು ತಮ್ಮ ಕಾರಿನಲ್ಲೇ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದರು. ಮಗಳು ಕ್ಷೇಮವಾಗಿ ಹುಟ್ಟಿದಳು. ಮಧ್ಯಾಹ್ನ ಬಂದ ಮೆಕ್ಯಾನಿಕ್ ಹೇಳಿದ್ದು ಒಂದೇ ಮಾತು: ಬ್ಯಾಟರಿಗೆ ನಾಲ್ಕು ವರ್ಷವಾಗಿದೆ, ದೀಪಾವಳಿಯ ಹೊತ್ತಿಗೇ ತಪಾಸಣೆ ಮಾಡಿಸಬೇಕಿತ್ತು.

ಬೇಸಿಗೆಯ ಪೆಟ್ಟು, ಚಳಿಗಾಲದ ನೋವು

ಬ್ಯಾಟರಿಯನ್ನು ನಿಜವಾಗಿ ಸವೆಸುವುದು ಮೇ-ಜೂನ್ ತಿಂಗಳ ಉರಿಬಿಸಿಲು. ಆದರೆ ಆ ಬಲಹೀನತೆ ಬಯಲಾಗುವುದು ಚಳಿಯಲ್ಲಿ. ತಂಪಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಅದು ಕೊಡುವ ಶಕ್ತಿ ಕುಗ್ಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗುವುದರಿಂದ ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಬರುವುದು ಕಡಿಮೆ, ಖರ್ಚು ಜಾಸ್ತಿ ಎಂಬ ಸಂಸಾರದ ಕಥೆಯೇ ಇಲ್ಲಿಯೂ. ಮನೆಯಿಂದ ಮಾರುಕಟ್ಟೆಗೆ, ಮೆಟ್ರೋ ನಿಲ್ದಾಣಕ್ಕೆ ಎಂದು ಎರಡು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದೇ ಇಲ್ಲ.

ಸದ್ದು ಕೇಳಿ ರೋಗ ತಿಳಿಯಿರಿ

'ಟಿಕ್ ಟಿಕ್' ಎಂದರೆ ಅಥವಾ ಎಂಜಿನ್ ಏದುಸಿರು ಬಿಡುತ್ತಾ ನಿಧಾನ ತಿರುಗಿ ದೀಪಗಳು ಮಂಕಾದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್‌ಗಳ ದೋಷ ಇರಬಹುದು. ದೀಪಗಳು ಪ್ರಖರವಾಗಿದ್ದೂ ಒಂದೇ ಒಂದು 'ಟಕ್' ಸದ್ದು ಬಂದರೆ ಸ್ಟಾರ್ಟರ್ ಮೋಟಾರಿನ ಮೇಲೆ ಅನುಮಾನ ಪಡಬೇಕು. ಎಂಜಿನ್ ಚೆನ್ನಾಗಿ ತಿರುಗಿಯೂ ಹಿಡಿಯದಿದ್ದರೆ ಇಂಧನ ಅಥವಾ ಸ್ಪಾರ್ಕ್ ಪ್ಲಗ್ ನೋಡಿಸಬೇಕು. ಮೀಟರ್ ಫಲಕದಲ್ಲಿ ಕೀಲಿಯ ಚಿತ್ರ ಮಿನುಗುತ್ತಿದ್ದರೆ ಕಾರು ಕೀಲಿಯನ್ನು ಗುರುತಿಸುತ್ತಿಲ್ಲ ಎಂದರ್ಥ. ರಿಮೋಟಿನ ಪುಟ್ಟ ಸೆಲ್ ಮುಗಿದಿರಬಹುದು.

ಸಿಎನ್‌ಜಿ ಕಾರು ಇರುವವರು ಗಮನಿಸಬೇಕು. ಹಲವು ಕಾರುಗಳು ಮೊದಲು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ನಂತರ ಗ್ಯಾಸಿಗೆ ಬದಲಾಗುತ್ತವೆ. ಉಳಿತಾಯಕ್ಕೆಂದು ತಿಂಗಳುಗಟ್ಟಲೆ ಪೆಟ್ರೋಲ್ ಹಾಕಿಸದವರ ಕಾರು ಚಳಿಯಲ್ಲಿ ಕೈಕೊಟ್ಟರೆ ಆಶ್ಚರ್ಯವಿಲ್ಲ. ಡೀಸೆಲ್ ಕಾರಿನಲ್ಲಿ ಸುರುಳಿಯಾಕಾರದ ಹಳದಿ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆಯಬೇಕು. ಹೀಟರ್ ಪ್ಲಗ್ ಬಿಸಿಯಾಗಲು ಆ ಕೆಲವು ಕ್ಷಣ ಬೇಕು.

ಮುಂಜಾನೆಯ ಕ್ರಮ

ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲವನ್ನೂ ಆರಿಸಿ. ಬಾನೆಟ್ ಮೇಲೊಮ್ಮೆ ತಟ್ಟಿ. ಬೆಚ್ಚಗಿರಲೆಂದು ಬೆಕ್ಕು ಒಳಗೆ ಮಲಗಿರುವುದುಂಟು. ಕೀಲಿ ಆನ್ ಮಾಡಿ ಎರಡು-ಮೂರು ಸೆಕೆಂಡ್ ಕಾಯಿರಿ. ಗೇರ್ ಕಾರಾದರೆ ಕ್ಲಚ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಒಮ್ಮೆಗೆ 10 ಸೆಕೆಂಡ್ ಮೀರಬಾರದು. ಹಿಡಿಯದಿದ್ದರೆ ಅರ್ಧ ನಿಮಿಷ ಬಿಟ್ಟು ಪುನಃ ಪ್ರಯತ್ನಿಸಿ. ಸ್ಟಾರ್ಟ್ ಆದ ಮೇಲೆ ಹತ್ತು ನಿಮಿಷ ನಿಲ್ಲಿಸಿ ಬಿಸಿ ಮಾಡುವ ಅಗತ್ಯವಿಲ್ಲ. ಒಂದು ನಿಮಿಷದಲ್ಲಿ ಹೊರಟು ಮೊದಲು ನಿಧಾನವಾಗಿ ಓಡಿಸಿದರೆ ಸಾಕು. ದೆಹಲಿಯ ಗಾಳಿಗೂ ಅಷ್ಟು ಉಪಕಾರ. ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನ್ ಚಾಲೂ ಇಡುವುದಂತೂ ಬೇಡವೇ ಬೇಡ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯಬಲ್ಲದು.

ಬ್ಯಾಟರಿ ಸತ್ತಿದ್ದರೆ ಜಂಪರ್ ಕೇಬಲ್ ಬಳಸಬಹುದು. ಕೆಂಪು ತಂತಿಯನ್ನು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ ಹಾಕಬೇಕು. ಕಪ್ಪು ತಂತಿಯನ್ನು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಅದರ ಇನ್ನೊಂದು ತುದಿಯನ್ನು ನಿಂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಹಾಕಬೇಕು. ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ ಕಿಡಿಗೆ ಹೊತ್ತಿಕೊಳ್ಳುವುದರಿಂದ ಈ ಎಚ್ಚರಿಕೆ.

ಮೊದಲೇ ಮಾಡಬೇಕಾದ್ದು

ನವೆಂಬರಿನಲ್ಲಿ, ರಾಜ್ಯೋತ್ಸವದ ಸಡಗರದ ನಡುವೆಯೇ, ಬ್ಯಾಟರಿ ತಪಾಸಣೆ ಮಾಡಿಸಿ. ರಾತ್ರಿ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಚಾರ್ಜ್ ಪೂರ್ತಿ ಇದೆ, 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಲೇಬೇಕು. ಮೂರು-ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ಲೋಡ್ ಟೆಸ್ಟ್ ಮಾಡಿಸುವುದು ಉತ್ತಮ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ಉಜ್ಜಿ ಒರೆಸಿ. ಜೋಡಿಸುವಾಗ ಮೈನಸ್ ಕೊನೆಗೆ ಇರಲಿ. ಆಯಿಲ್ ಡಬ್ಬಿಯ ಮೇಲೆ 5ಡಬ್ಲ್ಯೂ-30, 20ಡಬ್ಲ್ಯೂ-50 ಎಂದೆಲ್ಲ ಇರುತ್ತದೆ. ಡಬ್ಲ್ಯೂ ಮುಂಚಿನ ಅಂಕಿ ಕಡಿಮೆಯಿದ್ದಷ್ಟೂ ಆಯಿಲ್ ಚಳಿಯಲ್ಲಿ ಸರಾಗವಾಗಿ ಹರಿಯುತ್ತದೆ. ಆದರೆ ಕಾರಿನ ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಿಸಿ.

ಕೊನೆಯದಾಗಿ ಒಂದು ವಿನಂತಿ. ಮಕ್ಕಳು ಪರದೇಶದಲ್ಲಿದ್ದು, ಇಲ್ಲಿ ದಂಪತಿ ಇಬ್ಬರೇ ಇರುವ ಹಿರಿಯರು ನಮ್ಮ ಸಂಘಗಳಲ್ಲಿ ಅನೇಕರಿದ್ದಾರೆ. ಅವರ ಕಾರು ವಾರಗಟ್ಟಲೆ ನಿಂತಲ್ಲೇ ನಿಂತಿರುತ್ತದೆ. ಆಸುಪಾಸಿನ ಯುವ ಸದಸ್ಯರು ವಾರಕ್ಕೊಮ್ಮೆ ಅದನ್ನು ಅರ್ಧ ಗಂಟೆ ಓಡಿಸಿಕೊಟ್ಟರೆ, ಅಪರಾತ್ರಿಯಲ್ಲಿ ಕರೆಯಬಹುದಾದ ಒಂದು ಮೊಬೈಲ್ ನಂಬರ್ ಕೊಟ್ಟಿದ್ದರೆ ಅದೇ ದೊಡ್ಡ ಸಮಾಜಸೇವೆ. ಜೀವದ ಪ್ರಶ್ನೆ ಬಂದಾಗ ಕಾರಿನೊಡನೆ ಗುದ್ದಾಡುತ್ತಾ ಕೂರಬೇಡಿ. ಎರಡು ಬಾರಿ ಪ್ರಯತ್ನಿಸಿ, ಆಗದಿದ್ದರೆ ನೆರೆಯವರನ್ನು ಎಬ್ಬಿಸಿ ಅಥವಾ 112ಕ್ಕೆ ಕರೆ ಮಾಡಿ.

ಪ್ರತಿ ವರ್ಷ ಮಗಳ ಹುಟ್ಟುಹಬ್ಬಕ್ಕೆ ಕೇಕ್ ತರಲು ಹೊರಡುವ ಮುಂಚೆ ನಾನು ಡಿಕ್ಕಿ ತೆರೆದು ಜಂಪರ್ ಕೇಬಲ್ ಇದೆಯೇ ಎಂದು ನೋಡುತ್ತೇನೆ. ಅತ್ತೆಯವರಂತೂ ಊರಿನಿಂದ ಫೋನ್ ಮಾಡಿದಾಗ ಮೊಮ್ಮಗಳ ಕ್ಷೇಮದ ಜೊತೆಗೆ ಕಾರಿನ ಬ್ಯಾಟರಿಯ ಕ್ಷೇಮವನ್ನೂ ತಪ್ಪದೆ ವಿಚಾರಿಸುತ್ತಾರೆ.